ಗಾಡಿ ಸ್ಟಾರ್ಟ್ ಆಗುತ್ತದೆ, ಕಮೆನ್ಸ್ ಆಗುವುದಿಲ್ಲ

ಕೋಲಾರದಲ್ಲಿ ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ವೇಮಗಲ್, ನರಸಾಪುರ, ಮಾಲೂರು ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು. ಕೆಲವರು ಆಗಲೇ ಕೆಲಸಕ್ಕೆ ಸೇರಿದ್ದಾರೆ. ಶಿಫ್ಟ್ ಮುಗಿಸಿಕೊಂಡು ನೇರ ಕ್ಲಾಸಿಗೆ ಬರುತ್ತಾರೆ. ಒಂದು ದಿನ ಶ್ರೀನಿವಾಸಪುರ ಕಡೆಯ ಒಬ್ಬ ಹುಡುಗ ತನ್ನ ಮೊಬೈಲ್ ತೋರಿಸಿದ. ಸೂಪರ್‌ವೈಸರ್‌ಗೆ ಅವನು ಕಳಿಸಿದ ಮೆಸೇಜ್ ಅದರಲ್ಲಿತ್ತು. 'ಸರ್, ಮೆಷಿನ್ ಈಸ್ ನಾಟ್ ಕಮೆನ್ಸಿಂಗ್.' ಅವರು ಬೈದಿರಲಿಲ್ಲ. 'ಯು ಮೀನ್ ನಾಟ್ ಸ್ಟಾರ್ಟಿಂಗ್?' ಅಂತ ಮಾತ್ರ ಕೇಳಿದ್ದರು. ಹುಡುಗನಿಗೆ ಅಷ್ಟೇ ಸಾಕಾಗಿತ್ತು. ರಾತ್ರಿ ನಿದ್ದೆ ಬಂದಿರಲಿಲ್ಲ.

'ಮೇಡಂ, ಕಮೆನ್ಸ್ ಅಂದ್ರೂ ಸ್ಟಾರ್ಟ್ ಅಂದ್ರೂ ಒಂದೇ ಅಲ್ವಾ? ಡಿಕ್ಷನರಿಯಲ್ಲಿ ಹಾಗೇ ಇದೆ' ಅಂದ.

ಡಿಕ್ಷನರಿಯಲ್ಲಿ ಹಾಗೇ ಇದೆ, ನಿಜ. ಸ್ಟಾರ್ಟ್, ಬಿಗಿನ್, ಕಮೆನ್ಸ್, ಇನಿಶಿಯೇಟ್, ಲಾಂಚ್, ಯಾವುದನ್ನು ತೆರೆದು ನೋಡಿದರೂ ಎದುರಿಗೆ 'ಆರಂಭಿಸು, ಶುರು ಮಾಡು' ಅಂತಲೇ ಬರೆದಿರುತ್ತದೆ. ಜೊತೆಗೆ, ದೊಡ್ಡ ಪದ ಹಾಕಿದರೆ ಮರ್ಯಾದೆ ಜಾಸ್ತಿ ಅಂತ ನಮಗೆ ಚಿಕ್ಕಂದಿನಲ್ಲೇ ಯಾರೋ ತಲೆಗೆ ತುಂಬಿರುತ್ತಾರೆ. ಅವನು ಮಾಡಿದ್ದು ಅಷ್ಟೇ. ಮೇಲಿನವರಿಗೆ ಬರೆಯುವ ಮೆಸೇಜ್, ಹಾಗಾಗಿ ಇದ್ದುದರಲ್ಲಿ ದೊಡ್ಡ ಪದ ಹುಡುಕಿ ಹಾಕಿದ್ದ.

ಈ ಪದಗಳಲ್ಲಿ ಮೇಲು ಕೀಳು ಇಲ್ಲ. ಅಡುಗೆಮನೆಯಲ್ಲಿ ಸೌಟು ಬೇರೆ, ಜಾಲರಿ ಬೇರೆ, ಮುದ್ದೆ ಕೋಲು ಬೇರೆ ಇರುವ ಹಾಗೆ ಒಂದೊಂದು ಪದ ಒಂದೊಂದು ಕೆಲಸಕ್ಕೆ. ಶುರುವಾಗುತ್ತಿರುವುದು ಏನು? ಯಂತ್ರವೋ, ಪ್ರಯಾಣವೋ, ಸಭೆಯೋ, ಸಂಸ್ಥೆಯೋ, ಜ್ವರವೋ? ಇದನ್ನು ಮೊದಲು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಈ ಪ್ರಶ್ನೆ ನಮಗೆ ಹೊಸದಲ್ಲ. ಕನ್ನಡದಲ್ಲಿ ದಿನಾ ಕೇಳಿಕೊಳ್ಳುತ್ತೇವೆ, ಗೊತ್ತಾಗುವುದಿಲ್ಲ ಅಷ್ಟೇ. ಬೆಳಗ್ಗೆ ಗಾಡಿಗೆ ಕಿಕ್ ಹೊಡೆದಾಗ ಎಂಜಿನ್ ಹತ್ತದಿದ್ದರೆ 'ಗಾಡಿ ಸ್ಟಾರ್ಟ್ ಆಗ್ತಿಲ್ಲ' ಅನ್ನುತ್ತೇವೆ. 'ಗಾಡಿ ಆರಂಭವಾಗುತ್ತಿಲ್ಲ' ಅಂತ ಯಾರೂ ಅನ್ನುವುದಿಲ್ಲ. ಬಸ್ಸು ಹೊರಡುತ್ತದೆ. ಮಳೆ ಹಿಡಿದುಕೊಳ್ಳುತ್ತದೆ. ಒಲೆ ಹಚ್ಚುತ್ತೇವೆ. ಅಂಗಡಿ ಇಡುತ್ತೇವೆ. ಜಗಳ ತೆಗೆಯುತ್ತಾರೆ. ಮನೆಗೆ ಪಾಯ ಹಾಕುತ್ತೇವೆ. ಸಭೆ ಆರಂಭವಾಗುತ್ತದೆ. ಒಳ್ಳೆಯ ಕೆಲಸಕ್ಕೆ ಶ್ರೀಕಾರ ಹಾಕುತ್ತೇವೆ. ಎಲ್ಲ ಕಡೆಯೂ ಇಷ್ಟು ಹೊತ್ತು ಇಲ್ಲದ್ದು ಈಗ ಶುರುವಾಗುತ್ತಿದೆ, ಆದರೆ ಮಾತು ಎಲ್ಲೂ ಒಂದೇ ಅಲ್ಲ. 'ಬಸ್ಸು ಹಚ್ಚಿದರು' ಅಂದರೆ ಅದು ಬೇರೆಯೇ ಸುದ್ದಿ. ಈ ಕಿವಿ ನಮಗೆ ಹುಟ್ಟಿನಿಂದ ಬಂದಿದೆ. ಅದೇ ಕಿವಿಯನ್ನು ಇಂಗ್ಲಿಷಿಗೂ ಕೊಡಬೇಕು.

ನಮ್ಮ ಕ್ಲಾಸಿನಲ್ಲಿ ಮನೆಮಾತು ತೆಲುಗು ಇರುವವರು ತುಂಬಾ ಜನ. ಅವರು 'ಮೊದಲುಪೆಟ್ಟು' ಅನ್ನುತ್ತಾರೆ. ಕೆಜಿಎಫ್ ಕಡೆಯಿಂದ ಬರುವ ತಮಿಳು ಮಕ್ಕಳು 'ತೊಡಂಗು' ಅನ್ನುತ್ತಾರೆ. ಅದು ನಮ್ಮ 'ತೊಡಗು' ಪದದ ಅಕ್ಕನೋ ತಂಗಿಯೋ. 'ಆರಂಭ' ಸಂಸ್ಕೃತದಿಂದ ಬಂತು. 'ಶುರು' ಅರಬ್ಬಿ ಮಾತು, ಪಾರ್ಸಿ ಉರ್ದು ದಾಟಿ ನಮ್ಮ ಬಾಯಿಗೆ ಬಂದು ಕೂತಿದೆ. ಮೂರು ಕಡೆಯ ಮೂರು ಪದ. ಲಗ್ನಪತ್ರಿಕೆಯಲ್ಲಿ 'ಶುಭ ಕಾರ್ಯ ಶುರು' ಅಂತ ಹಾಕಿಸುವುದಿಲ್ಲ. ಸಂತೆಯಲ್ಲಿ ನಿಂತು 'ಹರಾಜು ಪ್ರಾರಂಭವಾಯಿತೇ?' ಅಂತ ಕೇಳುವುದೂ ಇಲ್ಲ.

ಇಂಗ್ಲಿಷಿನ ಕಥೆಯೂ ಹೀಗೇ ಇದೆ. 'ಬಿಗಿನ್' ಅವರ ಮನೆಯ ಹಳೆಯ ಪದ. 'ಸ್ಟಾರ್ಟ್' ಕೂಡ ಅವರದೇ, ಆದರೆ ಮೊದಲು ಅದರ ಅರ್ಥ ಬೇರೆ ಇತ್ತು. ತಟ್ಟನೆ ನೆಗೆ, ಬೆಚ್ಚಿಬೀಳು ಅಂತ. 'ಸ್ಟಾರ್ಟಲ್' ಅನ್ನುವ ಪದ ಅದೇ ಮನೆಯದು. ಇಂದಿಗೂ 'ಶಿ ವೋಕ್ ಅಪ್ ವಿತ್ ಎ ಸ್ಟಾರ್ಟ್' ಅಂದರೆ ಅವಳು ಬೆಚ್ಚಿಬಿದ್ದು ಎದ್ದಳು ಅಂತ. ನೆಗೆಯುವುದರಿಂದ ಹೊರಡುವುದಕ್ಕೆ, ಹೊರಡುವುದರಿಂದ ಶುರುವಾಗುವುದಕ್ಕೆ ಆ ಪದ ಮೆಲ್ಲಗೆ ಸರಿದು ಬಂತು. ಆ ನೆಗೆತದ ಗುಣ ಇನ್ನೂ ಅದರಲ್ಲಿ ಉಳಿದಿದೆ. ನಿಂತದ್ದು ತಟ್ಟನೆ ಚಲಿಸುವ ಕಡೆಯೆಲ್ಲ ಸ್ಟಾರ್ಟ್ ಬರುವುದು ಅದಕ್ಕೇ ಇರಬೇಕು ಅಂತ ನನಗೆ ಅನಿಸುತ್ತದೆ.

'ಕಮೆನ್ಸ್' ಹೊರಗಿನಿಂದ ಬಂದದ್ದು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ಇಂಗ್ಲೆಂಡನ್ನು ಗೆದ್ದ. ಆಮೇಲೆ ಬಹಳ ಕಾಲ ಅರಮನೆಯಲ್ಲಿ, ಕೋರ್ಟಿನಲ್ಲಿ ಫ್ರೆಂಚ್ ಮಾತು. ಹೊಲದಲ್ಲಿ, ಹಟ್ಟಿಯಲ್ಲಿ ಇಂಗ್ಲಿಷ್ ಮಾತು. ಕಮೆನ್ಸ್ ಅರಮನೆ ಕಡೆಯಿಂದ ಬಂತು, ಹಾಗಾಗಿ ಇವತ್ತಿಗೂ ಅದರ ಜಾಗ ಕಾಗದಪತ್ರ, ಕಾನೂನು, ಸಮಾರಂಭ. ಮೆಷಿನ್ ಪಕ್ಕ ನಿಲ್ಲಿಸಿದರೆ ಅದಕ್ಕೂ ಮುಜುಗರ, ಕೇಳುವವರಿಗೂ ಮುಜುಗರ.

ಹಾಗಾದರೆ ಸ್ಟಾರ್ಟ್ ಮತ್ತು ಬಿಗಿನ್ ನಡುವೆ ಏನು ವ್ಯತ್ಯಾಸ? ಬಹಳಷ್ಟು ಕಡೆ ಏನೂ ಇಲ್ಲ. 'ದಿ ಕ್ಲಾಸ್ ಬಿಗಿನ್ಸ್ ಅಟ್ ಸಿಕ್ಸ್' ಅಂದರೂ ಸರಿ, 'ಸ್ಟಾರ್ಟ್ಸ್ ಅಟ್ ಸಿಕ್ಸ್' ಅಂದರೂ ಸರಿ. ಬಿಗಿನ್ ಸ್ವಲ್ಪ ಬರಹದ ಕಡೆಗೆ, ಸ್ಟಾರ್ಟ್ ಸ್ವಲ್ಪ ಮಾತಿನ ಕಡೆಗೆ. ಆದರೆ ಮೂರು ಕಡೆ ಬಿಗಿನ್‌ಗೆ ಪ್ರವೇಶವಿಲ್ಲ. ಯಂತ್ರ, ಪ್ರಯಾಣ, ವ್ಯಾಪಾರ. ಪಂಪ್‌ಸೆಟ್ ಸ್ಟಾರ್ಟ್ ಮಾಡುತ್ತೇವೆ, ಬಿಗಿನ್ ಮಾಡುವುದಿಲ್ಲ. 'ವಿ ಸ್ಟಾರ್ಟೆಡ್ ಅರ್ಲಿ' ಅಂದರೆ ಬೇಗ ಹೊರಟೆವು, ಅಲ್ಲಿಯೂ ಬಿಗಿನ್ ಬೇಡ. 'ಹಿ ಸ್ಟಾರ್ಟೆಡ್ ಎ ಡೇರಿ' ಅಂದರೆ ಹಾಲಿನ ಡೇರಿ ಇಟ್ಟ, ಅಲ್ಲಿಯೂ ಬೇಡ. ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು. ಅನುಮಾನ ಬಂದಾಗ ಸ್ಟಾರ್ಟ್ ಹಾಕಿ, ಹತ್ತಕ್ಕೆ ಒಂಬತ್ತು ಸಲ ಸರಿ ಇರುತ್ತದೆ.

ಬಿಗಿನ್‌ಗೆ ಮೂರು ರೂಪಗಳಿವೆ, ಅಲ್ಲಿ ಎಡವುವುದು ಸಾಮಾನ್ಯ. ಬಿಗಿನ್, ಬಿಗ್ಯಾನ್, ಬಿಗನ್. 'ಕ್ಲಾಸ್ ಬಿಗ್ಯಾನ್' ಅಂದರೆ ಶುರುವಾಯಿತು. 'ಕ್ಲಾಸ್ ಹ್ಯಾಸ್ ಬಿಗನ್' ಅಂದರೆ ಶುರುವಾಗಿದೆ. ಹ್ಯಾಸ್, ಹ್ಯಾವ್, ಹ್ಯಾಡ್ ಇದ್ದ ಕಡೆ ಬಿಗನ್, ಇಲ್ಲದ ಕಡೆ ಬಿಗ್ಯಾನ್. ಡ್ರಿಂಕ್, ಡ್ರ್ಯಾಂಕ್, ಡ್ರಂಕ್ ಇದೇ ಜಾಡಿನಲ್ಲಿ ನಡೆಯುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ ಕೇಳಿಬರುತ್ತದೆ. ಕನ್ನಡದಲ್ಲಿ 'ಶುರುವಾಗು' ಬೇರೆ, 'ಶುರು ಮಾಡು' ಬೇರೆ. ತಾನಾಗಿ ಆಗುವುದಕ್ಕೆ ಒಂದು, ಯಾರೋ ಮಾಡುವುದಕ್ಕೆ ಇನ್ನೊಂದು. ಇಂಗ್ಲಿಷಿನ ಸ್ಟಾರ್ಟ್ ಎರಡನ್ನೂ ತಾನೇ ಹೊರುತ್ತದೆ. 'ದಿ ಟೀಚರ್ ಸ್ಟಾರ್ಟೆಡ್ ದಿ ಕ್ಲಾಸ್.' 'ದಿ ಕ್ಲಾಸ್ ಸ್ಟಾರ್ಟೆಡ್.' ಎರಡೂ ಸರಿ. ನಮ್ಮ ಕಿವಿಗೆ ಎರಡನೆಯದು ಅರ್ಧಕ್ಕೆ ನಿಂತ ಹಾಗೆ ಕೇಳಿಸುತ್ತದೆ. 'ಆಗು' ಎಲ್ಲಿ ಹೋಯಿತು ಅಂತ ಹುಡುಕುತ್ತೇವೆ. ಹುಡುಕಿ 'ಕ್ಲಾಸ್ ಈಸ್ ಸ್ಟಾರ್ಟೆಡ್', 'ಮೀಟಿಂಗ್ ವಾಸ್ ಸ್ಟಾರ್ಟೆಡ್ ಅಟ್ ಟೆನ್' ಅಂತ ಒಂದು ಈಸ್ ಅನ್ನೋ ವಾಸ್ ಅನ್ನೋ ತುರುಕುತ್ತೇವೆ. ಅದು ಬೇಡ. 'ದಿ ಮೀಟಿಂಗ್ ಸ್ಟಾರ್ಟೆಡ್ ಅಟ್ ಟೆನ್' ಅನ್ನುವುದು ಪೂರ್ತಿ ವಾಕ್ಯ. ಆ 'ಆಗು' ಸ್ಟಾರ್ಟ್ ಒಳಗೇ ಕರಗಿಹೋಗಿದೆ. ಈ ಒಂದು ವಿಷಯ ತಿಳಿದ ದಿನ ನಮ್ಮ ಮಕ್ಕಳ ಮಾತು ಎಷ್ಟು ಹಗುರವಾಗುತ್ತದೆ ಅಂದರೆ, ಅದನ್ನು ನೋಡುವುದೇ ನನಗೆ ಖುಷಿ.

'ಇಂದ' ಅನ್ನುವ ಪ್ರತ್ಯಯವೂ ನಮ್ಮನ್ನು ಹೀಗೇ ಎಳೆಯುತ್ತದೆ. 'ಸೋಮವಾರದಿಂದ ಕ್ಲಾಸ್ ಶುರು' ಅನ್ನುವುದು ಚೆಂದದ ಕನ್ನಡ. ಅದನ್ನೇ ಎತ್ತಿ 'ಕ್ಲಾಸಸ್ ಸ್ಟಾರ್ಟ್ ಫ್ರಮ್ ಮಂಡೇ' ಅನ್ನುತ್ತೇವೆ. ಇಂಗ್ಲಿಷ್ ಬೇರೆ ಥರ ಯೋಚಿಸುತ್ತದೆ. ಶುರುವಾಗುವುದು ಒಂದೇ ಗಳಿಗೆಯ ಸಂಗತಿ. ಆ ಗಳಿಗೆ ಯಾವ ದಿನದ ಮೇಲೆ ಬೀಳುತ್ತದೆ ಅಂತ ಅದು ನೋಡುತ್ತದೆ. ಹಾಗಾಗಿ ಗಂಟೆಗೆ 'ಅಟ್', ದಿನಕ್ಕೆ 'ಆನ್', ತಿಂಗಳಿಗೂ ವರ್ಷಕ್ಕೂ 'ಇನ್'. ಸ್ಟಾರ್ಟ್ಸ್ ಅಟ್ ಟೆನ್, ಸ್ಟಾರ್ಟ್ಸ್ ಆನ್ ಮಂಡೇ, ಸ್ಟಾರ್ಟ್ಸ್ ಇನ್ ಜೂನ್.

ಇದೇ 'ಇಂದ' ಇಂಟರ್‌ವ್ಯೂನಲ್ಲಿ ಇನ್ನೂ ದುಬಾರಿ. 'ನಾನು 2019ರಿಂದ ಕೆಲಸ ಮಾಡ್ತಿದೀನಿ' ಅನ್ನುವುದನ್ನು 'ಐ ಆಮ್ ವರ್ಕಿಂಗ್ ಫ್ರಮ್ 2019' ಅನ್ನುತ್ತೇವೆ. ಆಗ ಶುರುವಾದದ್ದು ಇವತ್ತಿಗೂ ನಡೆಯುತ್ತಿದ್ದರೆ ಇಂಗ್ಲಿಷಿಗೆ ಎರಡು ಬದಲಾವಣೆ ಬೇಕು. ಆಮ್ ಜಾಗಕ್ಕೆ ಹ್ಯಾವ್ ಬೀನ್, ಫ್ರಮ್ ಜಾಗಕ್ಕೆ ಸಿನ್ಸ್. 'ಐ ಹ್ಯಾವ್ ಬೀನ್ ವರ್ಕಿಂಗ್ ಸಿನ್ಸ್ 2019.' ಇಸವಿ ಹೇಳದೆ ಎಷ್ಟು ವರ್ಷ ಅಂತ ಎಣಿಸಿ ಹೇಳುವುದಾದರೆ ಸಿನ್ಸ್ ಬದಲು 'ಫಾರ್'. ಫಾರ್ ಫೈವ್ ಇಯರ್ಸ್. ಶುರುವಾದ ಗೂಟ ತೋರಿಸುವುದು ಸಿನ್ಸ್, ಅಲ್ಲಿಂದ ಇಲ್ಲಿಯವರೆಗಿನ ಹಗ್ಗ ಅಳೆಯುವುದು ಫಾರ್.

ಅದೇ ಇಂಟರ್‌ವ್ಯೂ ಕೋಣೆಯಲ್ಲಿ ಇನ್ನೊಂದು ಹಳ್ಳ ಇದೆ. 'ನಿಮ್ಮ ಬಗ್ಗೆ ಹೇಳಿ' ಅಂದ ತಕ್ಷಣ ಬಹಳ ಮಂದಿ 'ಅಟ್ ಫಸ್ಟ್, ಐ ಆಮ್ ಫ್ರಮ್ ಚಿಂತಾಮಣಿ' ಅಂತ ತೆಗೆಯುತ್ತಾರೆ. ಮೊದಲನೆಯದಾಗಿ ಅಂತ ಅವರ ಮನಸ್ಸಿನಲ್ಲಿ ಇರುವುದು. ಆದರೆ 'ಅಟ್ ಫಸ್ಟ್' ಅಂದರೆ 'ಮೊದಮೊದಲು', ಆಮೇಲೆ ಬದಲಾಯಿತು ಅನ್ನುವ ಸುಳಿವು ಅದರೊಳಗೇ ಇದೆ. 'ಅಟ್ ಫಸ್ಟ್ ಐ ವಾಸ್ ಅಫ್ರೇಡ್ ಆಫ್ ಇಂಗ್ಲಿಷ್' ಅಂದರೆ ಮೊದಮೊದಲು ಹೆದರಿಕೆ ಇತ್ತು, ಈಗಿಲ್ಲ. ಹಾಗಾಗಿ ಮೊದಲಿನ ಮಾತು ಕೇಳಿದವರಿಗೆ 'ಹಾಗಾದರೆ ಈಗ ಯಾವ ಊರು?' ಅನ್ನುವ ಪ್ರಶ್ನೆ ಏಳುತ್ತದೆ. ಒಂದಾದ ಮೇಲೆ ಒಂದು ಹೇಳುವುದಕ್ಕೆ ಬರೀ 'ಫಸ್ಟ್' ಸಾಕು, ಇಲ್ಲವೇ 'ಟು ಬಿಗಿನ್ ವಿತ್'. ಇಂಟರ್‌ವ್ಯೂನಲ್ಲಾದರೆ ಅದೂ ಬೇಡ. 'ಐ ಆಮ್ ಫ್ರಮ್ ಚಿಂತಾಮಣಿ' ಅಂತ ನೇರ ಹೇಳಿದರೆ ಅದಕ್ಕಿಂತ ಒಳ್ಳೆಯ ಶುರು ಇಲ್ಲ.

'ಇನ್ ದಿ ಬಿಗಿನಿಂಗ್' ಕೂಡ ಅಟ್ ಫಸ್ಟ್ ಥರದ್ದೇ, ಮೊದಮೊದಲು. 'ಅಟ್ ದಿ ಬಿಗಿನಿಂಗ್ ಆಫ್' ಅಂದರೆ ಯಾವುದೋ ಒಂದರ ತುದಿ ತೋರಿಸುವುದು. ಪುಟದ ಮೇಲ್ತುದಿ, ತಿಂಗಳ ಮೊದಲ ದಿನಗಳು.

ಈಗ 'ಸೆಟ್' ಸಂಸಾರಕ್ಕೆ ಬರೋಣ. ಮೂರಕ್ಷರದ ಈ ಪುಟ್ಟ ಪದದ ಹಿಂದೆ ಬಾಲ ಬದಲಾಯಿಸಿದರೆ ಶುರುವಾಗುವ ವಸ್ತುವೇ ಬದಲಾಗುತ್ತದೆ. 'ಸೆಟ್ ಆಫ್' ಅಂದರೆ ಹೊರಡು. ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಹೊರಟೆವು ಅನ್ನುವುದಕ್ಕೆ ಇದು. 'ಸೆಟ್ ಔಟ್' ಕೂಡ ಹೊರಡುವುದೇ, ಆದರೆ ಮನಸ್ಸಿನಲ್ಲಿ ಒಂದು ಗುರಿ ಇಟ್ಟುಕೊಂಡು. 'ಶಿ ಸೆಟ್ ಔಟ್ ಟು ಲರ್ನ್ ಡ್ರೈವಿಂಗ್' ಅಂದರೆ ಕಲಿತೇ ತೀರುತ್ತೇನೆ ಅಂತ ಹೊರಟಳು. ಕನ್ನಡದಲ್ಲೂ 'ಕಲಿಯಲು ಹೊರಟಳು' ಅನ್ನುತ್ತೇವಲ್ಲ, ಕಾಲು ಕದಲಿಸದೆಯೂ ಹೊರಡಬಹುದು. 'ಸೆಟ್ ಅಪ್' ಅಂದರೆ ಅಂಗಡಿ, ಘಟಕ, ಕಂಪನಿ ಇಡುವುದು. 'ಸೆಟ್ ಇನ್' ಬರುವುದು ನಮ್ಮ ಕೈಯಲ್ಲಿ ಇಲ್ಲದ್ದು ಬಂದು ನೆಲೆ ಊರಿದಾಗ. ಅದೂ ಸಾಮಾನ್ಯವಾಗಿ ಬೇಡದ್ದು. ಚಳಿ ಹಿಡಿದುಕೊಂಡಿತು, ಕೊಳೆ ಶುರುವಾಯಿತು. ಬಿಡದೆ ಮಳೆ ಹೊಡೆದ ವಾರದಲ್ಲಿ ತೋಟದ ಟೊಮೆಟೊಗೆ ಏನಾಗುತ್ತದೆ ಅಂತ ಕೋಲಾರದವರಿಗೆ ಹೇಳಬೇಕಾಗಿಲ್ಲ. 'ದಿ ರಾಟ್ ಸೆಟ್ ಇನ್' ಅನ್ನುವುದು ಅದನ್ನೇ. ಇದೇ ಮಾತನ್ನು ಅವರು ಕೆಡುತ್ತಿರುವ ಸಂಸ್ಥೆಗಳಿಗೂ ಬಳಸುತ್ತಾರೆ.

ಕೆಟ್ಟದ್ದರ ಶುರುವಿಗೆ ಇಂಗ್ಲಿಷಿನಲ್ಲಿ ಬೇರೆ ಪದಗಳೇ ಇವೆ. ಬೆಂಕಿ, ಯುದ್ಧ, ಅಂಟುಜಾಡ್ಯಕ್ಕೆ 'ಬ್ರೇಕ್ ಔಟ್'. 1914ರಲ್ಲಿ ಮೊದಲ ಮಹಾಯುದ್ಧ 'ಬ್ರೋಕ್ ಔಟ್' ಅನ್ನುತ್ತಾರೆ. ಒಡೆದು ಹೊರಗೆ ನುಗ್ಗುವ ಚಿತ್ರ ಅದು. ನಾವು ಬೆಂಕಿ ಬಿತ್ತು, ಯುದ್ಧ ಭುಗಿಲೆದ್ದಿತು ಅನ್ನುವ ಹಾಗೆ. 'ಫೈರ್ ಸ್ಟಾರ್ಟೆಡ್' ತಪ್ಪಲ್ಲ, ಆದರೆ ಅದರಲ್ಲಿ ಆ ನುಗ್ಗು ಇಲ್ಲ. ಅಳು ಬಂದಾಗ 'ಬರ್ಸ್ಟ್ ಇಂಟು ಟಿಯರ್ಸ್', ಇಲ್ಲವೇ 'ಬರ್ಸ್ಟ್ ಔಟ್ ಕ್ರೈಯಿಂಗ್'. ಇಂಟು ಮುಂದೆ ವಸ್ತು, ಔಟ್ ಮುಂದೆ ಕೆಲಸ. ಎರಡನ್ನೂ ಅದಲುಬದಲು ಮಾಡಬಾರದು.

'ಆನ್‌ಸೆಟ್' ಅನ್ನುವ ಪದ ಒಂದು ಕಾಲಕ್ಕೆ ದಾಳಿಗೆ ಇದ್ದದ್ದು. ಈಗ ಕಾಯಿಲೆಯ ಲಕ್ಷಣ ಮೊದಲು ಕಾಣಿಸಿಕೊಂಡ ಗಳಿಗೆಗೆ ಡಾಕ್ಟರುಗಳು ಬಳಸುತ್ತಾರೆ. ಆಸ್ಪತ್ರೆ ಚೀಟಿಯಲ್ಲಿ 'ಆನ್‌ಸೆಟ್' ಅಂತ ಕಂಡರೆ 'ಯಾವಾಗಿನಿಂದ ಹೀಗೆ?' ಅನ್ನುವ ಪ್ರಶ್ನೆಯ ಉತ್ತರ ಅದು. ಇದೇ ಪದ ಹವಾಮಾನ ಇಲಾಖೆಯಲ್ಲಿ ಒಳ್ಳೆಯ ಸುದ್ದಿ. 'ಆನ್‌ಸೆಟ್ ಆಫ್ ಮಾನ್ಸೂನ್' ಅಂದರೆ ಮುಂಗಾರು ಪ್ರವೇಶ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ವರ್ಷವಿಡೀ ಹರಿಯುವ ನದಿ ಇಲ್ಲದ, ಕೆರೆ ನಂಬಿದ ನಮ್ಮ ಜಿಲ್ಲೆಯಲ್ಲಿ ಆ ಒಂದು ಇಂಗ್ಲಿಷ್ ಪದಕ್ಕೆ ಎಷ್ಟು ಕಣ್ಣು ಕಾಯುತ್ತಿರುತ್ತವೆ.

ಕಾಗದಪತ್ರದ ಪದಗಳಿಗೆ ಬಂದರೆ ಕಮೆನ್ಸ್‌ಗೆ ತನ್ನ ಜಾಗ ಸಿಗುತ್ತದೆ. ನಮ್ಮ ಸಂವಿಧಾನವನ್ನೇ ನೋಡಿ. ಅದನ್ನು ಅಂಗೀಕರಿಸಿದ್ದು 1949ರ ನವೆಂಬರ್ 26. ಪೂರ್ತಿಯಾಗಿ ಜಾರಿಗೆ ಬಂದದ್ದು 1950ರ ಜನವರಿ 26. ಇದನ್ನು ಹೇಳುವುದಕ್ಕೇ ಅದರಲ್ಲಿ 394ನೇ ವಿಧಿ ಇದೆ, ಅದರ ತಲೆಬರಹ 'ಕಮೆನ್ಸ್‌ಮೆಂಟ್'. ಪೌರತ್ವ, ಚುನಾವಣೆ ಥರದ ಕೆಲವು ವಿಧಿಗಳು ಕೂಡಲೇ ಜಾರಿಗೆ ಬಂದವು, ಉಳಿದವು ಜನವರಿ 26ಕ್ಕೆ. ಕಾನೂನಿಗೆ ಹುಟ್ಟಿದ ದಿನ ಬೇರೆ, ನಡೆಯಲು ಶುರು ಮಾಡಿದ ದಿನ ಬೇರೆ. ಎರಡನೆಯದನ್ನು ಹೇಳುವುದಕ್ಕೆ ಕಮೆನ್ಸ್‌ಮೆಂಟ್‌ಗಿಂತ ಸರಿಯಾದ ಪದ ಇಲ್ಲ. ಟೆಂಡರ್ ಕಾಗದದಲ್ಲಿ 'ಡೇಟ್ ಆಫ್ ಕಮೆನ್ಸ್‌ಮೆಂಟ್' ಅಂತ ಇದ್ದರೆ ಅಲ್ಲಿಂದಲೇ ದಿನ ಎಣಿಕೆ. ಅಮೆರಿಕದಲ್ಲಿ ಇದೇ ಪದಕ್ಕೆ ಕಾಲೇಜಿನ ಘಟಿಕೋತ್ಸವ ಅನ್ನುವ ಅರ್ಥವೂ ಇದೆ. ಓದು ಮುಗಿಯುವ ದಿನಕ್ಕೆ ಅವರು ಶುರು ಅನ್ನುವ ಹೆಸರಿಟ್ಟಿದ್ದಾರೆ.

ಕಮೆನ್ಸ್ ಹಾಗೇ ಕೇಳಿಸುವ ಇನ್ನೊಂದು ಪದ 'ಕಮಿಷನ್'. ಇದು ನಮ್ಮ ಊರಿನವರನ್ನು ನಿಜಕ್ಕೂ ದಾರಿ ತಪ್ಪಿಸುತ್ತದೆ. ಕೋಲಾರದ ಎಪಿಎಂಸಿ ಅಂಗಳದಲ್ಲಿ ಕಮಿಷನ್ ಅಂದರೆ ಮಂಡಿಯವರು ಹಿಡಿದುಕೊಳ್ಳುವ ದುಡ್ಡು. ಟೊಮೆಟೊ ಹಾಕಿದ ಮನೆಯ ಮಕ್ಕಳಿಗೆ ಅದು ಹಾಲು ಕುಡಿದಷ್ಟು ಚಿಕ್ಕಂದಿನಿಂದ ಗೊತ್ತು. ಅವರು ಪೇಪರಿನಲ್ಲಿ 'ದಿ ಪ್ಲಾಂಟ್ ವಾಸ್ ಕಮಿಷನ್ಡ್' ಅಂತ ಓದಿದರೆ ಯಾರಿಗೋ ದುಡ್ಡು ಹೋಯಿತು ಅಂದುಕೊಳ್ಳುತ್ತಾರೆ. ಇಲ್ಲಿ ಅರ್ಥ ಬೇರೆ. ದೊಡ್ಡ ಸ್ಥಾವರವನ್ನು ಕಟ್ಟಿ, ಪರೀಕ್ಷೆ ಮಾಡಿ, ಸರಿ ಇದೆ ಅಂತ ಒಪ್ಪಿಕೊಂಡು, ಕೆಲಸಕ್ಕೆ ಹೂಡುವುದು ಕಮಿಷನ್. ಇದಕ್ಕೆ ನಮ್ಮ ಜಿಲ್ಲೆಗೆ ನಂಟಿರುವ ಉದಾಹರಣೆಯೇ ಇದೆ. ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಕೆಲಸಕ್ಕೆ ನಿಂತದ್ದು 1902ರಲ್ಲಿ. ಅಲ್ಲಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದದ್ದು ಕೆಜಿಎಫ್ ಚಿನ್ನದ ಗಣಿಗೆ. ಈ ಸಂಗತಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ಸ್ಟಾರ್ಟೆಡ್' ಅನ್ನುವುದಕ್ಕಿಂತ 'ಕಮಿಷನ್ಡ್ ಇನ್ 1902' ಅನ್ನುವುದೇ ತೂಕದ ಮಾತು. ಒಂದು ಗುಂಡಿ ಒತ್ತಿದಷ್ಟು ಸುಲಭದ ಕೆಲಸ ಅದಾಗಿರಲಿಲ್ಲ, ಅಲ್ವಾ?

'ಇನಾಗ್ಯುರೇಟ್' ಅಂದರೆ ಉದ್ಘಾಟನೆ. ನನಗೆ ತುಂಬಾ ಇಷ್ಟವಾದ ಪದ ಇದು, ಕಾರಣ ಅದರ ಹುಟ್ಟು. ಹಳೆಯ ರೋಮ್‌ನಲ್ಲಿ 'ಆಗರ್' ಅನ್ನುವ ಶಕುನದ ಪೂಜಾರಿಗಳಿದ್ದರು. ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ಅವರು ಆಕಾಶದಲ್ಲಿ ಹಕ್ಕಿ ಹಾರುವುದನ್ನು ನೋಡಿ ಒಳ್ಳೆಯದೋ ಕೆಟ್ಟದ್ದೋ ಹೇಳುತ್ತಿದ್ದರು. ಅವರ ಹೆಸರೇ ಈ ಪದದ ಹೊಟ್ಟೆಯಲ್ಲಿ ಕೂತಿದೆ. ನಮ್ಮಲ್ಲೂ ಹಾಲಕ್ಕಿ ಶಕುನ ಕೇಳಿ ಹೊರಡುವವರು ಇದ್ದಾರೆ. ಈ ಕಥೆ ಹೇಳಿದ ಮೇಲೆ ಕ್ಲಾಸಿನಲ್ಲಿ ಯಾರೂ ಆ ಪದ ಮರೆತದ್ದಿಲ್ಲ. ಆದರೆ ಬಳಕೆಗೆ ಒಂದು ಮಿತಿ ಇದೆ. ಟೇಪು ಕತ್ತರಿಸುವ, ದೀಪ ಹಚ್ಚುವ ಸಮಾರಂಭ ಇದ್ದರೆ ಮಾತ್ರ ಇನಾಗ್ಯುರೇಟ್. ನೀವು ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವುದು ಬರೀ 'ಓಪನ್'.

ಉದ್ಘಾಟನೆಗೂ ಅಡಿಗಲ್ಲಿಗೂ ನಡುವೆ ಎಷ್ಟು ದೂರ ಇರಬಹುದು? ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಅದಕ್ಕೆ ಅಡಿಗಲ್ಲು ಬಿದ್ದದ್ದು 2016ರ ಜನವರಿಯಲ್ಲಿ. ಉದ್ಘಾಟನೆಯಾದದ್ದು 2023ರ ಫೆಬ್ರುವರಿಯಲ್ಲಿ. ಅಡಿಗಲ್ಲಿಗೆ 'ಫೌಂಡೇಷನ್ ಸ್ಟೋನ್ ವಾಸ್ ಲೇಯ್ಡ್' ಅನ್ನಬೇಕು. ಉದ್ಘಾಟನೆಗೆ 'ವಾಸ್ ಇನಾಗ್ಯುರೇಟೆಡ್'. ಎರಡಕ್ಕೂ 'ಸ್ಟಾರ್ಟೆಡ್' ಅಂತ ಬರೆದರೆ ನಡುವಿನ ಏಳು ವರ್ಷ ಮಾಯವಾಗುತ್ತವೆ. ನಮ್ಮ ಗುದ್ದಲಿ ಪೂಜೆಗೂ ಅವರಲ್ಲಿ ಸರಿಜೋಡಿ ಇದೆ. 'ಬ್ರೇಕ್ ಗ್ರೌಂಡ್', ನೆಲ ಒಡೆಯುವುದು.

ಸಂಸ್ಥೆ ಹುಟ್ಟಿದ್ದನ್ನು ಹೇಳುವಾಗ 'ಫೌಂಡೆಡ್'. ಇಲ್ಲಿ ಎಚ್ಚರ ಬೇಕು. 'ಫೈಂಡ್' ಅಂದರೆ ಹುಡುಕಿ ಪಡೆ, ಅದರ ಭೂತಕಾಲ 'ಫೌಂಡ್'. ಸ್ಥಾಪಿಸು ಅನ್ನುವ ಪದವೂ 'ಫೌಂಡ್', ಅದರ ಭೂತಕಾಲ 'ಫೌಂಡೆಡ್'. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯವರಾದ ವಿಶ್ವೇಶ್ವರಯ್ಯನವರು ಆಗ ಮೈಸೂರಿನ ದಿವಾನರು. 'ದಿ ಯೂನಿವರ್ಸಿಟಿ ವಾಸ್ ಫೌಂಡ್ ಇನ್ 1916' ಅಂತ ಬರೆದರೆ ಕಳೆದುಹೋಗಿದ್ದ ವಿಶ್ವವಿದ್ಯಾಲಯ ಅವತ್ತು ಸಿಕ್ಕಿತು ಅಂತ ಅರ್ಥ. ಜಿಲ್ಲೆಗೆ ಮತ್ತೆ ಬೇರೆ ಪದ. ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆಯಾಯಿತು. ಅದಕ್ಕೆ 'ಫಾರ್ಮ್ಡ್', ಇಲ್ಲವೇ 'ಕಾರ್ವ್ಡ್ ಔಟ್ ಆಫ್ ಕೋಲಾರ್', ಕೆತ್ತಿ ತೆಗೆದದ್ದು.

'ಲಾಂಚ್' ಅಂದರೆ ಮೊದಲು ಈಟಿ ಎಸೆಯುವುದು. ಅದಕ್ಕೇ ರಾಕೆಟ್ಟಿಗೆ, ಹೊಸ ಮೊಬೈಲಿಗೆ, ಚಳವಳಿಗೆ ಒಗ್ಗುತ್ತದೆ. ಕೈಬಿಟ್ಟ ಮೇಲೆ ಜಗತ್ತಿನ ಕಣ್ಣಿಗೆ ಬೀಳುವ ಎಲ್ಲಕ್ಕೂ ಅದು ಸರಿ. 'ಇನಿಶಿಯೇಟ್' ಅನ್ನುವುದನ್ನು ಮೇಲಿನ ಅಧಿಕಾರಿ ಕ್ರಮ ಕೈಗೊಂಡಾಗ ಬಿಟ್ಟರೆ ನಮಗೆ ಬೇಕಾಗುವುದು ಕಡಿಮೆ.

ನಿಂತದ್ದು ಮತ್ತೆ ಶುರುವಾಗುವುದಕ್ಕೆ ಏನನ್ನಬೇಕು ಅಂತ ಕಾರ್ಖಾನೆಗೆ ಹೋಗುವವರು ಕೇಳುತ್ತಲೇ ಇರುತ್ತಾರೆ. ಕರೆಂಟ್ ಹೋಗಿ ಬಂತು, ಲೈನ್ ಮತ್ತೆ ಓಡಿತು. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿದರೆ 'ರೆಸ್ಯೂಮ್'. ಯಂತ್ರ ಆರಿಸಿ ಮತ್ತೆ ಹಾಕಿದರೆ 'ರೀಸ್ಟಾರ್ಟ್'. ಮಾಡಿದ್ದೆಲ್ಲ ಕೆಟ್ಟು ಮೊದಲಿನಿಂದ ಮಾಡಬೇಕಾದರೆ 'ಸ್ಟಾರ್ಟ್ ಓವರ್'. ಕೈಯಲ್ಲಿ ಏನೂ ಇಲ್ಲದೆ ಸೊನ್ನೆಯಿಂದ ಕಟ್ಟಿದರೆ 'ಫ್ರಮ್ ಸ್ಕ್ರ್ಯಾಚ್'. ಈ ಸ್ಕ್ರ್ಯಾಚ್ ಓಟದ ಪಂದ್ಯದಿಂದ ಬಂದದ್ದು. ನೆಲದ ಮೇಲೆ ಗೀರು ಎಳೆದು, ಎಲ್ಲಕ್ಕಿಂತ ಹಿಂದಿನ ಆ ಗೀರಿನಿಂದ ಓಡುವವನಿಗೆ ಒಂದು ಹೆಜ್ಜೆಯೂ ರಿಯಾಯಿತಿ ಇರಲಿಲ್ಲ. ಮುಳಬಾಗಿಲಿನಿಂದ ಬರುವ ಒಬ್ಬ ಅಮ್ಮ ಗಂಡ ತೀರಿಕೊಂಡ ಮೇಲೆ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸಿದವರು. 'ಐ ಸ್ಟಾರ್ಟೆಡ್ ಫ್ರಮ್ ಸ್ಕ್ರ್ಯಾಚ್' ಅಂತ ಅವರು ಕ್ಲಾಸಿನಲ್ಲಿ ಎದ್ದು ನಿಂತು ಹೇಳಿದ ದಿನ ಆ ಮಾತಿಗೆ ಇನ್ನು ಬೇರೆ ವಿವರಣೆ ಬೇಕಾಗಲಿಲ್ಲ.

ಅವರೇ ಇನ್ನೊಂದು ದಿನ ಕೇಳಿದರು. 'ಮೇಡಂ, ಬೋಣಿಗೆ ಇಂಗ್ಲಿಷಲ್ಲಿ ಏನಂತಾರೆ?'

ಬೆಳಗಿನ ಮೊದಲ ವ್ಯಾಪಾರ ಬೋಣಿ. ಸಂತೆಯಲ್ಲಿ ಬೋಣಿ ಆಗುವವರೆಗೆ ಸಾಲ ಕೊಡುವುದಿಲ್ಲ. ಬೋಣಿಯ ದುಡ್ಡನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಒಳ್ಳೆಯ ಕೈಯಿಂದ ಬೋಣಿಯಾದರೆ ದಿನವೆಲ್ಲ ವ್ಯಾಪಾರ ಅನ್ನುವ ನಂಬಿಕೆ. ನಾನು ಬೋರ್ಡಿನ ಮೇಲೆ 'ಫಸ್ಟ್ ಸೇಲ್ ಆಫ್ ದಿ ಡೇ' ಅಂತ ಬರೆದೆ. ಅವರು ನೋಟ್ ಪುಸ್ತಕದಲ್ಲಿ ಇಳಿಸಿಕೊಂಡರು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. 'ಕಣ್ಣಿಗೆ ಒತ್ತಿಕೊಳ್ಳೋದು ಇದರಲ್ಲಿ ಇಲ್ವಲ್ಲ' ಅಂದರು. ಇಲ್ಲ ಅಂತ ಒಪ್ಪಿಕೊಂಡೆ. ಅವರು ಆ ಸಾಲಿನ ಪಕ್ಕದಲ್ಲೇ ಕನ್ನಡದಲ್ಲಿ 'ಬೋಣಿ' ಅಂತ ಬರೆದು, ಅಡಿಗೆರೆ ಎಳೆದರು.